ಹೂವಿನ ಕೆಳಗಿನ ಗೋಡೆ

ಡ್ರೂಸಿಲಾ ಟಿಕ್ನರ್‌ಗೆ ಮೂಗಿನ ತುದಿಯಲ್ಲೇ ಕೋಪ. ಮಡಿಸುವ ಸ್ಟೂಲು, ನೀರಿನ ಸೀಸೆ, ಬಣ್ಣದ ತಗಡಿನ ಡಬ್ಬಿ ಹೊತ್ತು ಅವಳು ಇಂಗ್ಲೆಂಡಿನ ಸರ್ರೆ ಸೀಮೆಯ ಓಣಿಗಳಲ್ಲಿ ಹೊರಟಳೆಂದರೆ ಕುರಿ ಕಾಯುವವರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಗಾಡಿಚಕ್ರ ಮಾಡುವವನ ಮಗಳು, ಮದುವೆಯ ಗೊಡವೆಗೆ ಹೋದವಳಲ್ಲ. ಹುಲ್ಲು ಹೊದಿಸಿದ ಮನೆಗಳು, ಬಾತುಕೋಳಿಗಳು, ಬೇಲಿಯ ಮೇಲೆ ಒಣಹಾಕಿದ ಬಟ್ಟೆಗಳು, ಇವನ್ನೇ ಜಲವರ್ಣದಲ್ಲಿ ಬರೆದು ಹೊಟ್ಟೆ ಹೊರೆದುಕೊಂಡಳು.

ಮೊದಲು ಕಂಡದ್ದನ್ನು ಕಂಡ ಹಾಗೆ ತೆಳುಬಣ್ಣದಲ್ಲಿ ಬರೆಯುತ್ತಿದ್ದಳು. ಆ ಬಣ್ಣ ಕಾಗದದೊಳಕ್ಕೇ ಇಳಿದು ಕೂರುತ್ತಿತ್ತು. ಆಮೇಲೆ ಲಂಡನ್ನಿನ ಚಿತ್ರವ್ಯಾಪಾರಿಗೆ ಬೇಕಾದ್ದನ್ನು ಬಿಳಿ ಬೆರೆಸಿದ ದಪ್ಪಬಣ್ಣದಲ್ಲಿ ಅದರ ಮೇಲೆ ಹಚ್ಚುತ್ತಿದ್ದಳು.

"ಪಾಚಿ ಯಾರಿಗ್ ಬೇಕು ಮಿಸ್? ಊಟದ ಮನೇಲಿ ತೂಗುಹಾಕೋ ಚಿತ್ರ ಇದು. ಹೂ ಹಾಕಿ, ಹೂ!" ಎನ್ನುತ್ತಿದ್ದ ಆ ಮಹಾಶಯ. ಹಲ್ಲು ಕಡಿಯುತ್ತ ಅವಳು ಹೂ ಹಾಕುತ್ತಿದ್ದಳು.

ಕೆಝಾಯಾ ಪೆನ್ನಿಫೋಲ್ಡಳ ಮನೆಯನ್ನೂ ಹಾಗೆಯೇ ಬರೆದಿದ್ದಳು. ಕೆಝಾಯಾ ಊರವರ ಬಟ್ಟೆ ಒಗೆಯುವವಳು, ಗಂಡ ಸತ್ತವಳು. ಮನೆ ಜಮೀನುದಾರ ಗಾರ್ಲ್ಯಾಂಡರದು. ಬೀದಿ ಕಡೆಯ ಗೋಡೆ ಬುಡದಿಂದ ಸೂರಿನವರೆಗೂ ತೇವ ಹಿಡಿದು ಬಿರುಕು ಬಿಟ್ಟಿತ್ತು. ಅದರ ಒಳಮಗ್ಗುಲಲ್ಲೇ ಮಗಳು ಎಫಿಯ ಹಾಸಿಗೆ. ಕೆಮ್ಮು ಆ ಹುಡುಗಿಯನ್ನು ಬಿಟ್ಟಿದ್ದೇ ಇಲ್ಲ.

ಚಿತ್ರ ಮುಗಿದ ದಿನ ಕೆಝಾಯಾ ಒದ್ದೆ ಕೈಗಳನ್ನು ಸೊಂಟಕ್ಕಿಟ್ಟು ನೋಡಿದಳು. ಚಿತ್ರದಲ್ಲಿ ಗೋಡೆಯ ತುಂಬ ಆಳೆತ್ತರದ ಕೆಂಪು ಹಾಲಿಹಾಕ್ ಹೂಗಳು.

"ಇದ್ಯಾರ ಮನೆ ಮಿಸ್? ಚೆನ್ನಾಗಿದೆ. ನಂಗೂ ಎಫಿಗೂ ಬಾಡಿಗೆಗೆ ಸಿಗುತ್ತಾ ಕೇಳಿ ನೋಡಿ."

ಡ್ರೂಸಿಲಾಗೆ ಮೈಯೆಲ್ಲ ಉರಿದುಹೋಯಿತು. ಆದರೂ ಚಿತ್ರವನ್ನು ಲಂಡನ್ನಿಗೆ ಕಳಿಸಿದಳು. ಅದನ್ನು ಕೊಂಡವರು ಗಾರ್ಲ್ಯಾಂಡರೇ.

ಬೇಸಿಗೆ ಮುಗಿಯುವ ಹೊತ್ತಿಗೆ ವೈದ್ಯರು ಬಂದು, ಈ ಗೋಡೆಯ ಪಕ್ಕದಲ್ಲಿ ಇನ್ನೊಂದು ಚಳಿಗಾಲ ಮಲಗಿಸಿದರೆ ಮಗು ಉಳಿಯುವುದಿಲ್ಲ ಎಂದರು. ಕೆಝಾಯಾ ಧೈರ್ಯ ಮಾಡಿ ಊರಸಭೆಗೆ ದೂರು ಕೊಟ್ಟಳು. ಸಭೆಗೆ ಎಲ್ವಿನ್ ಪಾದ್ರಿಗಳು ಅಧ್ಯಕ್ಷರು. ಉಳಿದ ಸದಸ್ಯರೆಲ್ಲ ಗಾರ್ಲ್ಯಾಂಡರ ಜಮೀನನ್ನೇ ಗೇಣಿಗೆ ಮಾಡುವವರು. ಗಾರ್ಲ್ಯಾಂಡರು ಕಂಕುಳಲ್ಲಿ ಆ ಚಿತ್ರವನ್ನು ಇಟ್ಟುಕೊಂಡೇ ಬಂದರು.

"ನೋಡಿ ಮಹನೀಯರೇ, ಇದೇ ಗೋಡೆ. ಮಿಸ್ ಟಿಕ್ನರ್ ಎದುರಿಗೇ ಕೂತ್ಕೊಂಡು ಬರೆದದ್ದು. ತೇವ ಎಲ್ಲಿದೆ? ಯಾರಾದ್ರೂ ಬೆರಳಿಟ್ಟು ತೋರಿಸಿ."

ಸದಸ್ಯರು ಕಿಸಕ್ಕೆಂದು ನಕ್ಕರು. ಕೆಝಾಯಾ ಹಿಂದಿನ ಬೆಂಚಿನಲ್ಲಿದ್ದ ಡ್ರೂಸಿಲಾಳ ಕಡೆ ತಿರುಗಿ ನೋಡಿದಳು, ಅಷ್ಟೇ.

ಡ್ರೂಸಿಲಾ ಎದ್ದುಬಂದು ಚಿತ್ರವನ್ನು ಕಿತ್ತುಕೊಂಡಳು. ಚೌಕಟ್ಟಿನ ಬೆನ್ನು ಹರಿದು ಕಾಗದವನ್ನು ಹೊರಗೆಳೆದಳು. ಪಾದ್ರಿಗಳ ಮುಂದಿದ್ದ ಹೂಜಿಯಲ್ಲಿ ಕರವಸ್ತ್ರ ಅದ್ದಿ ಹೂಗಳನ್ನು ಒರೆಸತೊಡಗಿದಳು. ದಪ್ಪಬಣ್ಣ ಕರಗಿ ಕೆಂಪು ನೀರು ಮೇಜಿನ ಮೇಲೆ ಹರಿಯಿತು. ಕಾಗದದೊಳಗೆ ಇಳಿದಿದ್ದ ತೆಳುಬಣ್ಣ ಮಾತ್ರ ಅಲ್ಲಾಡಲಿಲ್ಲ. ಪಾಚಿ, ತೇವದ ಕಲೆ, ಬಿರುಕು ಎಲ್ಲ ಅಲ್ಲೇ ಇದ್ದವು.

"ನನ್ನ ಚಿತ್ರ! ಹಾಳ್ ಮಾಡಿಬಿಟ್ಯಲ್ಲೇ!" ಎಂದು ಕಿರುಚಿದರು ಗಾರ್ಲ್ಯಾಂಡರು.

"ಚಿತ್ರಾನೂ ನಿಮ್ದೇ, ಗೋಡೇನೂ ನಿಮ್ದೇ ಸ್ವಾಮಿ. ಯಾವ್ದಕ್ಕೆ ಅಳ್ತೀರಿ, ನೀವೇ ಹೇಳಿ."

ಗೋಡೆ ಸರಿಪಡಿಸಬೇಕೆಂದು ಪಾದ್ರಿಗಳು ಅಪ್ಪಣೆ ಕೊಟ್ಟರು. ಗಾರ್ಲ್ಯಾಂಡರೂ ಆಳುಗಳನ್ನು ಕಳಿಸಿದರು. ಆಳುಗಳು ಮಾಡಿದ್ದೇನು? ಹೊರಗಡೆ ಅಗ್ಗದ ಸುಣ್ಣ ಬಳಿದರು. ಬಂಗಲೆಯ ತೋಟದಿಂದ ಹೂಬಿಟ್ಟ ಹಾಲಿಹಾಕ್ ಗಿಡಗಳನ್ನು ಕಿತ್ತು ತಂದು ಬುಡದಲ್ಲಿ ಸಾಲಾಗಿ ನೆಟ್ಟರು. ಒಳಗೆ ಕಾಲಿಡಲಿಲ್ಲ. ಡ್ರೂಸಿಲಾ ಬಂದು ನೋಡಿದಾಗ ಎದುರಿಗೆ ತನ್ನದೇ ಚಿತ್ರ ನಿಂತಿತ್ತು. ಅವಳು ಕಾಗದದ ಮೇಲೆ ಮಾಡಿದ್ದನ್ನು ಆ ಜಮೀನುದಾರ ಗೋಡೆಯ ಮೇಲೆ ಮಾಡಿದ್ದ. ಅವನ ಮೇಲೆ ಬಂದಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೂ ಬಂತು.

ಭಾನುವಾರ ಬೆಳಿಗ್ಗೆ, ಊರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಚರ್ಚಿಗೆ ಹೊರಟ ಹೊತ್ತಿನಲ್ಲಿ, ಡ್ರೂಸಿಲಾ ಬಕೆಟ್ಟು ಹಿಡಿದು ಬಂದು ಗೋಡೆ ಉಜ್ಜಲು ನಿಂತಳು.

"ಅಯ್ಯೋ ಬೇಡಿ ಮಿಸ್, ಮನೆ ಬಿಡಿಸಿಬಿಡ್ತಾರೆ!" ಎಂದು ಕೆಝಾಯಾ ಓಡಿಬಂದಳು. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ಕೆಝಾಯಾ ಒಳಗೆ ಹೋದಳು. ಬರುವಾಗ ಕೈಯಲ್ಲಿ ತನ್ನ ಬಟ್ಟೆ ತಿಕ್ಕುವ ಬ್ರಷ್ ಇತ್ತು.

ದೇವರ ದಿನ ಇಬ್ಬರು ಹೆಂಗಸರು ಅಂಗಿಯ ತೋಳು ಮೇಲಕ್ಕೆ ಮಡಚಿ ಗೋಡೆ ತೊಳೆಯುತ್ತಿದ್ದಾರೆ! ಊರು ಬಾಯಿ ಬಿಟ್ಟು ನಿಂತಿತು. ಪಾದ್ರಿಗಳು ಧಾವಿಸಿ ಬಂದರು.

"ಭಾನುವಾರ ಕೆಲಸಾನಾ, ಮಿಸ್ ಟಿಕ್ನರ್? ಪಾಪ ಅಲ್ವಾ?"

"ಪಾಪಾನೇ ತೊಳೀತಿರೋದು ಪಾದ್ರಿಗಳೇ. ನಂದೂ ಒಂದ್ ಪಾಲಿದೆ ಇದ್ರಲ್ಲಿ. ಬನ್ನಿ, ಮುಟ್ಟಿ ನೋಡಿ."

ಪಾದ್ರಿಗಳು ಸುಣ್ಣ ಹೋದ ಜಾಗದಲ್ಲಿ ಅಂಗೈ ಇಟ್ಟರು. ಕೈ ಒದ್ದೆಯಾಗಿ ಹಸಿರು ಪಾಚಿ ಮೆತ್ತಿಕೊಂಡಿತು. ಅಷ್ಟರಲ್ಲಿ ಗಾರ್ಲ್ಯಾಂಡರ ಸಾರೋಟು ಜನರನ್ನು ದಾಟಲಾಗದೆ ನಿಂತಿತು. ಪಾದ್ರಿಗಳು ಹಸಿರು ಮೆತ್ತಿದ ಕೈಯಿಂದಲೇ ಅದರ ಬಾಗಿಲು ತೆರೆದರು.

"ಇಳೀರಿ. ಇವತ್ತು ಪ್ರಾರ್ಥನೆ ಇಲ್ಲಿಂದ್ಲೇ ಶುರು. ಆ ಗ್ಲೌಸ್ ಬಿಚ್ಚಿಬಿಟ್ಟು ಬನ್ನಿ."