ಸೊಣ್ಣಮ್ಮನವರು ಸೂಚಿಸಿದ ನಿರ್ಣಯ

೧೯೬೪ರ ವೇಳೆಗೆ ಜಯನಗರದ ಹೊಸ ಬಡಾವಣೆಗಳು ಸುತ್ತಲೂ ಬೆಳೆದು, ಬಾವಿಕಟ್ಟೆಪಾಳ್ಯವೆಂಬ ಹಳ್ಳಿ ನಡುಗಡ್ಡೆಯಾಗಿತ್ತು. ಆ ನಡುಗಡ್ಡೆಗೊಂದು ಶಾಸನಸಭೆಯೂ ಇತ್ತು. ಸರಕಾರಿ ಕಾಗದಗಳಲ್ಲಿ ಅದರ ಹೆಸರು ಗ್ರಾಮ ಪಂಚಾಯಿತಿ. ಚುನಾಯಿತ ಸದಸ್ಯರು ಒಂಬತ್ತು. ಎಂಟು ಮಂದಿ ಗಂಡಸರು ಅಧ್ಯಕ್ಷ ಚಿಕ್ಕಬೈರಪ್ಪನವರ ಜಗಲಿಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುವುದಕ್ಕೆ ಸಭೆಯೆಂದು ಹೆಸರು. ಒಂಬತ್ತನೆಯವರು ಮಹಿಳಾ ಸ್ಥಾನದ ಸೊಣ್ಣಮ್ಮನವರು: ವಿಧವೆ, ಎರಡು ಎಮ್ಮೆಗಳ ಒಡತಿ, ನಮ್ಮ ಬೀದಿಗೆ ಹಾಲು ಹಾಕುತ್ತಿದ್ದವರು. ನಾಲ್ಕು ವರ್ಷಗಳಲ್ಲಿ ಅವರನ್ನು ಒಂದು ಸಭೆಗೂ ಕರೆದಿರಲಿಲ್ಲ. ಕಾರ್ಯದರ್ಶಿ ರಾಮಯ್ಯನೇ ನಡವಳಿ ಪುಸ್ತಕವನ್ನು ಅವರ ಹಟ್ಟಿಗೆ ಒಯ್ದು, ಹೆಬ್ಬೆಟ್ಟು ಒತ್ತಿಸಿಕೊಂಡು, 'ಸರ್ವಾನುಮತದಿಂದ ಅಂಗೀಕಾರ' ಎಂದು ಬರೆದು ಮುಗಿಸುತ್ತಿದ್ದನು.

ಆ ವರ್ಷದ ಆಗಸ್ಟ್‌ನಲ್ಲಿ ಊರಿನ ಏಕೈಕ ಸಿಹಿನೀರಿನ ಬಾವಿಯ ಸುತ್ತ ಯಾರೋ ಹಗ್ಗ ಹಿಡಿದು ಅಳೆಯುತ್ತಿದ್ದುದನ್ನು ಸೊಣ್ಣಮ್ಮನವರು ಕಂಡರು. ಬಾವಿ ಹೋದರೆ ನೀರಿಗಾಗಿ ಒಂದೂವರೆ ಮೈಲಿ ನಡೆಯಬೇಕು, ಎಮ್ಮೆಗಳನ್ನು ಮಾರಬೇಕು. ಅದೇ ಸಂಜೆ ರಾಮಯ್ಯ ಪುಸ್ತಕ ತಂದನು.

"ಅದ್ರಲ್ಲಿ ಏನೈತೆ, ಓದಪ್ಪ."

"ನಿಮಗ್ಯಾಕಕ್ಕ ಅದೆಲ್ಲ? ಒತ್ತಿಬಿಡಿ, ಅಲ್ಲಿ ಉಪ್ಪಿಟ್ಟು ಆರೋಗ್ತೈತೆ."

"ಆರ್ಲಿ ಬಿಡು. ಓದು."

ನಾಲ್ಕು ವರ್ಷಗಳಲ್ಲಿ ತನ್ನ ಬರವಣಿಗೆಯನ್ನು ಕೇಳುವವರು ಮೊದಲ ಬಾರಿ ಸಿಕ್ಕರೆಂಬ ಹಿಗ್ಗಿನಿಂದ ರಾಮಯ್ಯ ರಾಗವಾಗಿ ಓದಿದನು: 'ಬಾವಿಯು ನಿರುಪಯುಕ್ತವಾಗಿರುವುದರಿಂದ ಮುಚ್ಚಿ, ಸದರಿ ಜಾಗವನ್ನು ಅಧ್ಯಕ್ಷರ ಭಾವಮೈದುನರ ಟೆಂಟ್ ಸಿನಿಮಾಕ್ಕೆ ಕೊಡತಕ್ಕದ್ದೆಂದು ಸದಸ್ಯೆ ಸೊಣ್ಣಮ್ಮನವರು ಸೂಚಿಸಿದರು.'

"ನಾನಾ? ನಾನ್ಯಾವಾಗಯ್ಯ ಅಂದೆ?"

"ಸರದಿ ಪ್ರಕಾರ ಬರೀತೀನಕ್ಕ. ಹೋದ್ಸಲ ಬೋರಣ್ಣೋರು, ಈ ಸಲ ನೀವು. ಯಾರಿಗೂ ಬೇಜಾರಾಗ್ಬಾರ್ದು ನೋಡಿ."

ಸೊಣ್ಣಮ್ಮನವರು ಪುಸ್ತಕದ ಸಮೇತ ಅವನನ್ನು ಕರೆದುಕೊಂಡು ನೇರವಾಗಿ ಜಗಲಿಗೆ ನಡೆದರು.

"ಏನಮ್ಮ, ಹಾಲು ಇಳಿಸಿ ಹೋಗು, ಸಭೆ ನಡೀತೈತೆ," ಎಂದರು ಅಧ್ಯಕ್ಷರು.

"ನಾನೂ ಸಭೆಗೇ ಬಂದಿದ್ದು ಗೌಡ್ರೇ. ಬಾವಿ ಮುಚ್ಚಿ ಅಂತ ನಾನೇ ಅಂದಿದ್ನಂತೆ. ಆ ಮಾತ್ನ ವಾಪಸ್ ತಗೊಂಡಿದೀನಿ. ಬರ್ಕೋ ರಾಮಯ್ಯ."

ಸೂಚಿಸಿದವರು ತಮ್ಮ ಸೂಚನೆಯನ್ನು ಹಿಂಪಡೆಯಬಹುದು. ನಿಯಮ ಬಲ್ಲ ರಾಮಯ್ಯ ಬರೆದುಕೊಂಡನು. ಚಿಕ್ಕಬೈರಪ್ಪನವರು ನಕ್ಕರು. "ಆಯ್ತು ಬಿಡು. ಬೇರೆ ಯಾರಾನ ಸೂಚಿಸ್ರಪ್ಪ."

"ಸೂಚಿಸ್ಲಿ. ಯಾರು ಸೂಚಿಸಿದ್ರು ಅಂತ ಬೆಳಿಗ್ಗೆ ನೀರು ಸೇದೋವಾಗ ಅವರವರ ಹೆಂಡ್ತೀರಿಗೆ ಹೇಳ್ತೀನಿ."

ಬೋರಣ್ಣನವರು ತಟ್ಟೆಯಲ್ಲಿ ಕರಿಬೇವಿನ ಎಲೆಗಳನ್ನು ಆರಿಸತೊಡಗಿದರು. ಒಬ್ಬರಿಗೆ ಕೆಮ್ಮು ಬಂತು. ಮತ್ತೊಬ್ಬರಿಗೆ ದನ ಕಟ್ಟುವುದು ನೆನಪಾಯಿತು. ಹನ್ನೆರಡು ನಿಮಿಷ ಯಾರೂ ಬಾಯಿ ತೆರೆಯಲಿಲ್ಲ. ಈ ಅವಧಿ ನನ್ನ ಊಹೆಯಲ್ಲ. ರಾಮಯ್ಯ ನಡವಳಿಯಲ್ಲಿ ಹಾಗೆಂದೇ ನಮೂದಿಸಿದ್ದಾನೆ. ಸೂಚಕರಿಲ್ಲದ ಕಾರಣ ವಿಷಯವನ್ನು ಕೈಬಿಡಲಾಯಿತು. ಅಧ್ಯಕ್ಷರ ಭಾವಮೈದುನ ತನ್ನ ಟೆಂಟನ್ನು ಬಿಳೇಕಹಳ್ಳಿಯ ಕಡೆಗೆ ಸಾಗಿಸಿದನು.

ಮುಂದಿನ ಚುನಾವಣೆಯಲ್ಲಿ ಎಂಟು ಮಂದಿಯೂ ಕರಪತ್ರ ಅಚ್ಚುಹಾಕಿಸಿದರು. ಎಂಟರಲ್ಲಿಯೂ ಅಭ್ಯರ್ಥಿಯ ಭಾವಚಿತ್ರದ ಕೆಳಗೆ 'ಸಿಹಿನೀರಿನ ಬಾವಿಯನ್ನು ಉಳಿಸಿಕೊಟ್ಟ ಧೀಮಂತರು' ಎಂದಿತ್ತು. ಸೊಣ್ಣಮ್ಮನವರು ಕರಪತ್ರ ಹಾಕಿಸಲಿಲ್ಲ. ಆ ಎಂಟನ್ನೂ ನಮ್ಮ ಮನೆಯಲ್ಲಿ ಓದಿಸಿಕೊಂಡು ಕೇಳಿ, ಹಾಲಿನ ಪಾತ್ರೆ ಎತ್ತಿಕೊಂಡು ಪಕ್ಕದ ಮನೆಗೆ ಹೋದರು.