ಹನ್ನೊಂದೋ, ಹದಿನೇಳೋ

ಆ ವಾಟ್ಸಾಪ್ ಗ್ರೂಪು ಕಟ್ಟಿದವಳು ನಾನೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿ ಯಾರೂ ನನ್ನನ್ನು ಸತ್ಯವಂತೆ ಎಂದು ಹೊಗಳುವುದು ಬೇಡ.

ಕೊಪ್ಪಳದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಮನೆ ಪಕ್ಕದ ಭಾಗ್ಯನಗರದಲ್ಲಿ. ನಮ್ಮ ಕಂಪನಿಗೆ ಯಲಬುರ್ಗಾ, ಕುಷ್ಟಗಿ, ಗಂಗಾವತಿಯಲ್ಲಿ ಒಂದೊಂದು ಕೋಣೆಯ ಶಾಖೆಗಳಿವೆ. ಅಲ್ಲಿ ಬೆಳಿಗ್ಗೆ ರಕ್ತ ತೆಗೆದು, ಐಸ್ ಇಟ್ಟ ಡಬ್ಬಿಯಲ್ಲಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಪರೀಕ್ಷೆ ಮಾಡುವುದು ಕೊಪ್ಪಳದಲ್ಲಿ.

ಇದಕ್ಕೆಲ್ಲ ಕಂಪನಿ ಒಂದು ಸಾಫ್ಟ್‌ವೇರ್ ಕೊಟ್ಟಿತ್ತು. ರೋಗಿ ಬಂದ ಕೂಡಲೇ ಹೆಸರು, ವಯಸ್ಸು, ಊರು, ಫೋನ್ ನಂಬರು ಹಾಕಬೇಕು. ಆಗ ಬಾರ್‌ಕೋಡಿನ ಚೀಟಿ ಬರುತ್ತದೆ. ಅದನ್ನು ರಕ್ತದ ಟ್ಯೂಬಿಗೆ ಅಂಟಿಸಿದರೆ, ಇಲ್ಲಿ ನಮ್ಮ ಮಷಿನ್ನು ಆ ಚೀಟಿ ಓದಿ ರಕ್ತ ಯಾರದೆಂದು ತಾನೇ ಹೇಳುತ್ತದೆ. ಆದರೆ ಯಲಬುರ್ಗಾದಲ್ಲಿ ನೆಟ್ ಗಳಿಗೆಗೊಮ್ಮೆ ಹೋಗುತ್ತಿತ್ತು. ಚೀಟಿಯ ಪ್ರಿಂಟರು ಕೆಟ್ಟು ಕೂತಿತ್ತು. ಹಸಿದ ಹೊಟ್ಟೆಯಲ್ಲಿ ಬಂದ ಜನ ಬಾಗಿಲಲ್ಲಿ ನಿಂತು ಸಿಡುಕುತ್ತಿದ್ದರು.

ಆ ಶಾಖೆ ನೋಡಿಕೊಳ್ಳುವವರು ನನಗಿಂತ ಹತ್ತು ವರ್ಷ ದೊಡ್ಡವರು, ಹಿಂದೆ ಡಾಕ್ಟರೊಬ್ಬರ ಹತ್ತಿರ ಕಂಪೌಂಡರ್ ಆಗಿದ್ದವರು. ನಾನು ಅವರನ್ನು ಅಣ್ಣಾರ ಎಂದೇ ಕರೆಯುತ್ತಿದ್ದೆ. ಒಂದು ದಿನ ಫೋನ್ ಮಾಡಿದರು. "ತಂಗೆವ್ವಾ, ಈ ಕಂಪ್ಯೂಟರ್ ಮುಂದ ಕುಂತ್ರ ಮಂದಿ ನನ್ನ ಹರದು ತಿಂತಾರ. ಏನರ ಒಂದ್ ದಾರಿ ತೋರ್ಸವಾ."

ತೋರಿಸಿದೆ. ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಿಂದ ಬರೀ ನಂಬರು ಬರೆಯಿರಿ, ನೋಟ್‌ಬುಕ್ಕಿನಲ್ಲಿ ನಂಬರಿನ ಮುಂದೆ ಹೆಸರು, ವಯಸ್ಸು, ಊರು, ಫೋನ್ ನಂಬರು ಬರೆಯಿರಿ, ಆ ಹಾಳೆಯ ಫೋಟೋ ಗ್ರೂಪಿಗೆ ಹಾಕಿರಿ, ಉಳಿದದ್ದು ನನಗೆ ಬಿಡಿ ಎಂದೆ. ನಾನು ಇಲ್ಲಿ ಪರೀಕ್ಷೆ ಮುಗಿಸಿ, ಸಂಜೆ ಒಟ್ಟಿಗೆ ಕೂತು ಎಲ್ಲವನ್ನೂ ಸಾಫ್ಟ್‌ವೇರಿಗೆ ತುಂಬುತ್ತಿದ್ದೆ. ರಿಪೋರ್ಟೂ ಗ್ರೂಪಿನಲ್ಲೇ ಹೋಗುತ್ತಿತ್ತು. ಕುಷ್ಟಗಿಯವರು, ಗಂಗಾವತಿಯವರು ತಾವೂ ಸೇರಿಕೊಂಡರು. "ಮೇಡಂ ತಲಿ ಅಂದ್ರ ತಲಿ" ಎಂದು ಮ್ಯಾನೇಜರ್ ಎಲ್ಲರೆದುರು ಹೊಗಳಿದರು. ಮೂರು ವರ್ಷ ಹಾಗೇ ನಡೆಯಿತು. ನನಗೂ ಒಳಗೊಳಗೇ ಜಂಬವಿತ್ತು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕೊಪ್ಪಳದ ಒಂದು ಆಸ್ಪತ್ರೆಯ ಡಾಕ್ಟರು ಲ್ಯಾಬಿಗೆ ಫೋನ್ ಮಾಡಿದರು. ಯಲಬುರ್ಗಾ ಕಡೆಯ ಒಬ್ಬ ಕುರಿಗಾರ ಅಡವಿಯಲ್ಲಿ ಕುರಿ ಮೇಯಿಸುತ್ತಿದ್ದಾಗ ಎಚ್ಚರ ತಪ್ಪಿ ಬಿದ್ದಿದ್ದ. ಹೆಂಡತಿ ಅವನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟ. ಮೂರು ವಾರದಿಂದ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿದ್ದನಂತೆ.

"ಇವತ್ತ ನೀವೇ ಮಾಡಿದ ಟೆಸ್ಟ್ ನೋಡಿದ್ರ ಈ ಮನಷ್ಯಾಗ ಸಕ್ರಿ ಬ್ಯಾನಿನೇ ಇಲ್ಲ. ಮೂರು ತಿಂಗಳ ಸರಾಸರಿನೂ ನಾರ್ಮಲ್ ಐತಿ. ಮೂರು ವಾರದ ಹಿಂದಿನ ರಿಪೋರ್ಟಿನ್ಯಾಗ ಮುನ್ನೂರರ ಮ್ಯಾಲ ಐತಿ. ಅದೂ ನಿಮ್ದೇ ಲ್ಯಾಬು. ಹೆಂಗ್ರಿ ಇದು?" ಎಂದು ಕೇಳಿದರು.

ನಾನು ಮೊದಲು ಸಾಫ್ಟ್‌ವೇರ್ ತೆಗೆದು ನೋಡಿದೆ. ಅಲ್ಲಿ ಎಲ್ಲವೂ ಅಚ್ಚುಕಟ್ಟು. ಆ ದಿನದ ಯಲಬುರ್ಗಾದ ಎಲ್ಲ ರೋಗಿಗಳ ರಕ್ತವನ್ನು ಸಂಜೆ ಐದು ಗಂಟೆಯ ಆಸುಪಾಸಿನಲ್ಲಿ ತೆಗೆದಂತೆ ದಾಖಲಾಗಿತ್ತು, ಖಾಲಿ ಹೊಟ್ಟೆಯ ಪರೀಕ್ಷೆ ಕೂಡ. ನಾನು ತುಂಬಿದ ಹೊತ್ತು ಅದು. ಮೂರು ವರ್ಷ ನಾನು ಕೂತು ಬರೆದದ್ದು ಇಂಥ ಸುಳ್ಳನ್ನೇ ಎಂದು ಅವತ್ತು ಮೊದಲ ಸಲ ಗೊತ್ತಾಯಿತು.

ಆಮೇಲೆ ಫೋನಿನಲ್ಲಿ ಗ್ರೂಪು ತೆಗೆದು ಹಿಂದಕ್ಕೆ ಹೋದೆ. ಹಾಳೆಯ ಫೋಟೋ ಸಿಕ್ಕಿತು. ಹನ್ನೊಂದನೆಯ ಸಾಲಿನಲ್ಲಿ ಕುರಿಗಾರನ ಹೆಸರು. ಹದಿನೇಳನೆಯ ಸಾಲಿನಲ್ಲೂ ಅದೇ ಹೆಸರು. ನಮ್ಮ ಕಡೆ ಆ ಹೆಸರು ಓಣಿಗೆ ನಾಲ್ಕು ಜನಕ್ಕಿದೆ. ಇಬ್ಬರದೂ ಐವತ್ತರ ವಯಸ್ಸು. ಎರಡನೆಯವರು ಕುಕನೂರಿನ ಬಟ್ಟೆ ವ್ಯಾಪಾರಿ. ಡಬ್ಬಿ ಕೊಪ್ಪಳಕ್ಕೆ ಬಂದಾಗ ತೆಗೆದ ಟ್ಯೂಬುಗಳ ಫೋಟೋ ಕೂಡ ಇತ್ತು. ದುಂಡನೆಯ ಗಾಜಿನ ಮೇಲೆ, ಐಸಿನ ನೀರಿಗೆ ಕದಡಿದ ಮಾರ್ಕರ್ ಅಕ್ಷರ. ದೊಡ್ಡದು ಮಾಡಿ ಮಾಡಿ ನೋಡಿದೆ. ಹನ್ನೊಂದೋ, ಹದಿನೇಳೋ ಹೇಳಲಾಗಲಿಲ್ಲ. ಆದರೆ ಮೂರು ವಾರದ ಹಿಂದೆ ನಾನು ಒಂದು ಕ್ಷಣವೂ ಅನುಮಾನಿಸದೆ ಹೇಳಿದ್ದೆ.

ವ್ಯಾಪಾರಿಗೆ ಫೋನ್ ಮಾಡಿ ಮತ್ತೊಮ್ಮೆ ರಕ್ತ ಕೊಡಲು ಕರೆದೆ. "ಯಾಕ್ರಿ? ಶುಗರ್ ಇಲ್ಲಂತ ನೀವ ಬರದ್ ಕೊಟ್ಟೀರಿ. ಖುಷೀಲೆ ಅಂಗಡ್ಯಾಗ ಪೇಡೆ ಹಂಚೀನ್ರಿ ನಾ" ಎಂದರು. ಪರೀಕ್ಷೆ ಮಾಡಿದರೆ ಸಕ್ಕರೆ ಇನ್ನೂ ಏರಿತ್ತು. ರಿಪೋರ್ಟು ಕೈಗೆ ತೆಗೆದುಕೊಂಡು ಹೊರಟುಹೋದರು. ಆಮೇಲೆ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಆ ಗ್ರೂಪನ್ನು ಮೇಲಿನಿಂದ ಕೆಳಗೆ ನೋಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ವರ್ಷದ ಹಿಂದೆ ಕೆಲಸ ಬಿಟ್ಟು ಗಂಗಾವತಿಯ ಬೇರೆ ಲ್ಯಾಬಿಗೆ ಸೇರಿದ್ದ ಒಬ್ಬರು ಇನ್ನೂ ಅದರಲ್ಲೇ ಇದ್ದರು. ಯಾರ ಬಸಿರು, ಯಾರ ರೋಗ, ಯಾರ ಫೋನ್ ನಂಬರು, ಎಲ್ಲವೂ ಅವರ ಕೈಗೆ ದಿನಾ ಹೋಗುತ್ತಿತ್ತು. ಅವರನ್ನು ತೆಗೆಯಬೇಕಾದವಳು ಅಡ್ಮಿನ್, ಅಂದರೆ ನಾನು.

ಮ್ಯಾನೇಜರಿಗೆ ಎಲ್ಲವನ್ನೂ ತೋರಿಸಿದೆ. ಅವರು ಬಾಗಿಲು ಹಾಕಿ ಬಂದು ಕೂತರು.

"ಮನಷ್ಯಾ ಆರಾಮ ಅದಾನಿಲ್ರಿ, ಮೇಡಂ?"

"ಅದಾನ್ರಿ."

"ಮತ್ತ್ಯಾಕ ಕೆದರ್ತೀರಿ? ಸಾಫ್ಟ್‌ವೇರಿನ್ಯಾಗ ಏನೂ ತಪ್ಪು ಕಾಣಂಗಿಲ್ಲ. ಮೊದ್ಲ ಆ ಗ್ರೂಪ್ ಡಿಲೀಟ್ ಮಾಡ್ರಿ. ಕಂಪನಿ ಕೇಳಿದ್ರ ಅಂಥಾದ್ದೊಂದು ಇರ್ಲೇ ಇಲ್ಲ."

"ಮಾಡಂಗಿಲ್ರಿ ಸರ್."

"ಸಿಗಿಬೀಳಾಕಿ ನೀವ ಮೇಡಂ, ನಾ ಅಲ್ಲ."

"ಗೊತ್ತೈತ್ರಿ" ಎಂದು ಎದ್ದು ಬಂದೆ. ಆ ಮಾತು ಬಾಯಿಂದ ಹೊರಗೆ ಬಂದದ್ದಕ್ಕೆ ಮನಸ್ಸು ಹಗುರಾಗಿತ್ತು.

ಆ ಭಾನುವಾರ ಬಸ್ಸು ಹತ್ತಿ ಕುರಿಗಾರನ ಊರಿಗೆ ಹೋದೆ. ಯಲಬುರ್ಗಾ ದಾಟಿ ಮತ್ತೊಂದು ಬಸ್ಸು, ಅಲ್ಲಿಂದ ಎರೆ ಹೊಲದ ನಡುವೆ ಒಂದು ಮೈಲಿ ನಡಿಗೆ. ಅವನು ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಚಹಾ ಕೊಟ್ಟಳು. ಕುಡಿಯುವ ಮೊದಲೇ ಹೇಳಿಬಿಟ್ಟೆ: ನಿಮಗೆ ಕಾಯಿಲೆಯೇ ಇಲ್ಲ, ರಿಪೋರ್ಟು ಅದಲುಬದಲಾಗಿದೆ, ಅದಲುಬದಲು ಮಾಡಿದವಳು ನಾನು.

ಅವನು ನಕ್ಕ. "ಇಪ್ಪತ್ತ್ ದಿನ ಹೊಟ್ಟಿ ಕಟ್ಟಿದ್ನೆಲ್ರಿ ಅಕ್ಕಾರ. ಅರ್ಧಾ ರೊಟ್ಟಿ ಮ್ಯಾಲ ಕುರಿ ಹಿಂದ ತಿರುಗೀನಿ."

ಹೆಂಡತಿ ನಗಲಿಲ್ಲ. "ಅವತ್ತ ಇಂವ ಬಾವಿ ದಂಡ್ಯಾಗ ಬಿದ್ದಿದ್ದ. ಇನ್ನೊಂದ್ ಮಾರು ಆ ಕಡಿ ಬಿದ್ದಿದ್ರ?" ಎಂದಳು. "ನಿಮ್ಮ ದವಾಖಾನಿಯಾಗ ಕಂಪ್ಯೂಟರ್ ಇಲ್ಲೇನ್ರಿ?"

"ಐತವಾ. ನಾವು ಅದನ್ನ ಬಿಟ್ಟು ಫೋನಿನ್ಯಾಗ ಮಾಡಿದ್ವಿ."

"ಯಾಕ?"

"ಲಗೂ ಆಗ್ತೈತಿ ಅಂತ."

ಅವಳು ಒಳಗೆ ಹೋಗಿ ಮಗಳ ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ ಮತ್ತು ಪೆನ್ನು ತಂದು ನನ್ನ ಮುಂದೆ ಇಟ್ಟಳು. "ಈಗ ಹೇಳಿದ್ದು ಬರದ್ ಕೊಡ್ರಿ. ನಾಳೆ ಯಾರರ ನಮ್ಮನ್ನ ಸುಳ್ಳ ಅಂದ್ರ ತೋರ್ಸಾಕ ಬೇಕು."

ಬರೆಯುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ಮ್ಯಾನೇಜರ್ ಮುಂದೆ ತೋರಿಸಿದ ಧೈರ್ಯ ಈ ಹಾಳೆಯ ಮುಂದೆ ಸಣ್ಣದೆನಿಸಿತು. ಪೂರ್ತಿ ಬರೆದು, ಸಹಿ ಹಾಕಿ ಕೊಟ್ಟೆ. ಗಂಡನಿಂದ ಜೋರಾಗಿ ಓದಿಸಿ ಕೇಳಿದಳು. ಆಮೇಲೆ "ಚಹಾ ಆರಿತು, ಕುಡೀರಿ" ಎಂದಳು.

ಮರುದಿನ ಅದನ್ನೇ ಎರಡು ಪುಟ ಮಾಡಿ ಹೆಡ್ ಆಫೀಸಿಗೆ ಬರೆದೆ. ನನ್ನ ತಪ್ಪನ್ನು ಮೊದಲು ಬರೆದೆ. ಕೆಟ್ಟ ಪ್ರಿಂಟರು, ಬಿದ್ದ ನೆಟ್ಟು ಆಮೇಲೆ. ಮೂರು ವರ್ಷದಲ್ಲಿ ಒಂದು ಸಲವೂ ನಾವು ಪ್ರಿಂಟರು ಕೆಟ್ಟಿದೆ ಎಂದು ಅವರಿಗೆ ಬರೆದು ತಿಳಿಸಿರಲಿಲ್ಲ. ಗ್ರೂಪು ಇತ್ತಲ್ಲ, ಕೆಲಸ ನಡೆದಿತ್ತು. ಅವರ ಪಾಲಿಗೆ ಯಲಬುರ್ಗಾದಲ್ಲಿ ಯಾವ ತೊಂದರೆಯೂ ಇರಲಿಲ್ಲ. ನಮ್ಮ ಜಾಣತನವೇ ಅವರ ಸೋಮಾರಿತನಕ್ಕೆ ಹೊದಿಕೆಯಾಗಿತ್ತು.

ಉತ್ತರಕ್ಕೆ ನಾನು ಕಾಯಲಿಲ್ಲ. ಕೆಲಸ ಬಿಟ್ಟವರನ್ನು ತೆಗೆದು, ಹೊಸದಾಗಿ ಯಾರೂ ಏನೂ ಹಾಕದಂತೆ ಗ್ರೂಪು ಬಂದ್ ಮಾಡಿದೆ. ಹಳೆಯದನ್ನೆಲ್ಲ ಅಳಿಸದೆ ಉಳಿಸಿಕೊಂಡೆ. ಬಾರ್‌ಕೋಡ್ ಇಲ್ಲದ ಟ್ಯೂಬು ಮುಟ್ಟುವುದಿಲ್ಲ ಎಂದು ಮೂರೂ ಶಾಖೆಗೆ ಹೇಳಿದೆ. ನಾನು ಹೆದರಿಸುತ್ತಿದ್ದೇನೆ ಎಂದುಕೊಂಡರೇನೋ, ಮರುದಿನವೂ ಯಲಬುರ್ಗಾದ ಡಬ್ಬಿಯಲ್ಲಿ ಮಾರ್ಕರ್ ನಂಬರಿನ ಟ್ಯೂಬುಗಳೇ ಬಂದವು. ಒಂದನ್ನೂ ತೆರೆಯದೆ ಪಕ್ಕಕ್ಕಿಟ್ಟೆ.

ಯಲಬುರ್ಗಾದಿಂದ ಅಣ್ಣಾರ ಫೋನು ಬಂತು. "ತಂಗೆವ್ವಾ, ಆರು ಮಂದಿ ಉಪಾಸ ಬಂದು ರಗತ ಕೊಟ್ಟಾರ. ಅವರ್ಗೆ ಏನ್ ಹೇಳ್ಲಿ?"

"ಖರೇ ಹೇಳ್ರಿ ಅಣ್ಣಾರ. ನಮ್ಮ ಮಷಿನ್ ಕೆಟ್ಟೈತಿ, ಕೊಪ್ಪಳಕ್ಕ ಬರ್ರಿ ಅನ್ರಿ."

"ನೀನ ದಾರಿ ತೋರ್ಸಿ ನೀನ ಬೇಲಿ ಹಾಕ್ತೀ!"

"ಹೌದ್ರಿ. ನಾನ ಹಾಕ್ತೀನಿ."

ಆರರಲ್ಲಿ ನಾಲ್ವರು ಬಂದರು. ಅವರಲ್ಲೊಬ್ಬ ಮುದುಕಿ, ಎರಡನೆಯ ಬೆಳಿಗ್ಗೆಯೂ ಹಸಿದು ಬಸ್ಸಿನಲ್ಲಿ ನಿಂತು ಬಂದವಳು, ನಾನು ಸೂಜಿ ಚುಚ್ಚುವಷ್ಟು ಹೊತ್ತೂ ಬೈದಳು. ತಲೆ ತಗ್ಗಿಸಿ ಕೇಳಿದೆ. ಅವಳ ಬೈಗುಳ ನ್ಯಾಯವಾದದ್ದೇ. ಆದರೂ ಮರುದಿನ ಬಂದ ಡಬ್ಬಿಯನ್ನೂ ತೆರೆಯಲಿಲ್ಲ. ಮೂರನೆಯ ದಿನ ಡಬ್ಬಿಯೇ ಬರಲಿಲ್ಲ. ಅವತ್ತು ಮ್ಯಾನೇಜರ್ ತಾವೇ ಹೆಡ್ ಆಫೀಸಿಗೆ ಫೋನ್ ಹಚ್ಚಿ ಕೂಗಾಡಿದ್ದು ಗೋಡೆಯಾಚೆ ಕೇಳಿಸಿತು. ಮೂರು ವರ್ಷ ಬಾರದ ಪ್ರಿಂಟರು ಆ ವಾರವೇ ಬಂತು. ಅದರ ಜೊತೆಗೆ ಬೇರೆ ಕಂಪನಿಯ ನೆಟ್ಟೂ ಬಂತು.

ನನಗೆ ಬಂದದ್ದು ನೋಟೀಸು: ಅನುಮತಿಯಿಲ್ಲದೆ ಗ್ರೂಪು ನಡೆಸಿದ್ದಕ್ಕೆ, ರೋಗಿಗೆ ಲಿಖಿತ ಹೇಳಿಕೆ ಕೊಟ್ಟದ್ದಕ್ಕೆ ಕಾರಣ ಕೇಳಿದ್ದರು. ಮೊದಲನೆಯದಕ್ಕೆ ತಪ್ಪಾಯಿತು ಎಂದು ಬರೆದೆ. ಎರಡನೆಯದಕ್ಕೆ, ತಪ್ಪಾಗಿಲ್ಲ, ಬೇಕಾದರೆ ಇನ್ನೊಂದು ಪ್ರತಿ ಬರೆದುಕೊಡುತ್ತೇನೆ ಎಂದು ಬರೆದೆ. ಕೆಲಸದಿಂದ ತೆಗೆಯಲಿಲ್ಲ. ಮೇಲ್ವಿಚಾರಕಿಯ ಹುದ್ದೆ ನನಗೇ ಎಂದು ಎಲ್ಲರೂ ಅನ್ನುತ್ತಿದ್ದರು. ಅದು ನನಗಿಂತ ನಾಲ್ಕು ವರ್ಷ ತಡವಾಗಿ ಸೇರಿದವರಿಗೆ ಹೋಯಿತು. ಅಣ್ಣಾರು ಈಗ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡುವುದಿಲ್ಲ, ತಂಗೆವ್ವಾ ಎನ್ನುವುದನ್ನೂ ಬಿಟ್ಟಿದ್ದಾರೆ. ಅದೊಂದು ಮಾತ್ರ ನೋಯುತ್ತದೆ.

ಹೋದ ತಿಂಗಳು ಕೊಪ್ಪಳದಲ್ಲೇ ಸಾಫ್ಟ್‌ವೇರ್ ನಿಂತುಹೋಯಿತು. ಹೊರಗೆ ಹನ್ನೆರಡು ಜನ ಕೂತಿದ್ದರು. ಮ್ಯಾನೇಜರ್ ಬಂದು, "ಮೇಡಂ, ಒಂದ್ ತಾಸಿನ ಮಟ್ಟಿಗೆ ಕೈಲೆ ಬರಕೊಂಡು ನಡಸ್ರೆಲಾ" ಎಂದರು.

"ಒಂದ್ ತಾಸು ಕಾಯ್ತೀನ್ರಿ ಸರ್" ಎಂದು, ಹೊರಗೆ ಹೋಗಿ ಜನರ ಮುಂದೆ ನಿಂತೆ. "ಮಷಿನ್ ನಿಂತೈತ್ರಿ. ಸುರು ಆಗೂತನಕ ಯಾರ ರಗತಾನೂ ತೆಗಿಯಂಗಿಲ್ಲ. ಹೊತ್ತಿಲ್ಲದವರು ಬಾಜೂ ಲ್ಯಾಬಿಗೆ ಹೋಗ್ರಿ, ನಾ ಬ್ಯಾಸರ ಮಾಡ್ಕೊಳಂಗಿಲ್ಲ."

ಗೊಣಗಿದರು. ಒಬ್ಬ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ನಾನು ಅವನನ್ನು ತಡೆಯಲಿಲ್ಲ.