ಮುರಿದ ಪಾಟಾಗಳ ಬೇಲಿ

ಮೇಸ್ತ್ರಿಯ ಬಲಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಎಡಗೈ ನೋಡಿದರೆ ಕರಡಿ ಕೈ. ಬಲಗೈ ಮಾತ್ರ ಮೊಣಕೈವರೆಗೆ ನುಣ್ಣಗೆ, ಕೆಂಪಗೆ, ಬೋಳು. ದಿನಾ ಬೆಳಿಗ್ಗೆಯಿಂದ ಸಂಜೆತನಕ ಕುಲುಮೆಯ ಬಾಯೊಳಗೆ ಕೈ ಇಟ್ಟವರಿಗೆ ಕೂದಲು ಎಲ್ಲಿಂದ ಉಳಿಯಬೇಕು?

ಕಿರವತ್ತಿಯಲ್ಲಿ ಹೆದ್ದಾರಿ ಪಕ್ಕ ಅವರ ಶೆಡ್ಡು. ಕೆಲಸ ಲಾರಿ ಪಾಟಾದ್ದು. ಲಾರಿಯ ಗಾಲಿ ಹತ್ತಿರ ಉಕ್ಕಿನ ಪಟ್ಟಿಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಒಂದರ ಮೇಲೊಂದು ಪೇರಿಸಿ ಬಿಗಿದಿರುತ್ತಾರಲ್ಲ, ಅವೇ ಪಾಟಾ. ಲೋಡಿನ ಭಾರವೆಲ್ಲ ಅವುಗಳ ಮೇಲೆ. ಗುಂಡಿಗೆ ಬಿದ್ದು ಪಾಟಾ ಕಟ್ಟಾದರೆ ಡ್ರೈವರು ಮೇಸ್ತ್ರಿ ಹತ್ತಿರ ಬರಬೇಕು. ಮುರಿದ ತುಂಡನ್ನು ಮೇಸ್ತ್ರಿ ಗುಜರಿಗೆ ಹಾಕುತ್ತಿರಲಿಲ್ಲ. ಶೆಡ್ಡಿನ ಸುತ್ತ ನೆಲಕ್ಕೆ ಹುಗಿದು ಬೇಲಿ ಮಾಡಿದ್ದರು. ಬೋರ್ಡು ಇರಲಿಲ್ಲ. ಕೇರಳದ ಡ್ರೈವರು, ಆಂಧ್ರದ ಡ್ರೈವರು ಎಲ್ಲರೂ ಬೇಲಿ ನೋಡಿಯೇ ಬ್ರೇಕ್ ಹಾಕುತ್ತಿದ್ದರು.

ಮೇಸ್ತ್ರಿ ಸಿದ್ದಾಪುರ ಕಡೆಯವರು. ಎಷ್ಟು ವರ್ಷ ಇಲ್ಲಿದ್ದರೂ ಬಾಯಲ್ಲಿ 'ಎಂತ' ಹೋಗಲಿಲ್ಲ. ಹುಬ್ಬಳ್ಳಿ ಕಡೆ ಡ್ರೈವರುಗಳು ಅಣಕಿಸುತ್ತಿದ್ದರು.

"ಎಂತ ಆಗೈತ್ರಿ ಮೇಸ್ತ್ರಿ ನಮ್ಮ ಗಾಡೀಗೆ?"

ಮೇಸ್ತ್ರಿ ತಲೆ ಎತ್ತುತ್ತಿರಲಿಲ್ಲ. "ಗಾಡಿಗೆ ಎಂತ ಆಗ್ಲಿಲ್ಲ ಮಾರಾಯ. ಬಿಡೋನಿಗೆ ಆಗಿದ್ದು."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗದ್ದೆ ಕೆಲಸ, ಕಾಡಿನ ಕೆಲಸ ಎರಡೂ ಮಾಡಿ ಬೇಸತ್ತು ಇಪ್ಪತ್ತರ ವಯಸ್ಸಿನಲ್ಲಿ ಅವರ ಹತ್ತಿರ ಕೆಲಸಕ್ಕೆ ಸೇರಿದೆ. ಮೊದಲ ವಾರ ಸುತ್ತಿಗೆ ಮುಟ್ಟಿಸಲಿಲ್ಲ. ರಸ್ತೆ ಕಡೆ ಮುಖ ಮಾಡಿ ಕೂರಿಸಿದರು. "ಹೋಗೋ ಲಾರಿ ಹಿಂಬದಿ ನೋಡು. ಯಾವ ಬದಿ ಬಗ್ಗಿದೆ ಹೇಳು" ಅಂದರು. ನಾನು ಎಡ ಅಂದರೆ ಅವರು ಬಲ. ಬರೀ ಬೆನ್ನು ನೋಡಿ ಲಾರಿಯಲ್ಲಿ ಏನಿದೆ ಅಂತಲೂ ಹೇಳುತ್ತಿದ್ದರು. ಸಮುದ್ರದ ಕಡೆಯಿಂದ ಉಪ್ಪು, ಹಂಚು, ಮೀನು ಘಟ್ಟ ಹತ್ತಿ ಬರುತ್ತಿದ್ದವು. ಬಯಲಿನಿಂದ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಇಳಿಯುತ್ತಿದ್ದವು. ರಸ್ತೆ ಒಂದು ಗಳಿಗೆ ಖಾಲಿ ಇರುತ್ತಿರಲಿಲ್ಲ. ಮೇಸ್ತ್ರಿಯ ಅಜ್ಜ ಘಟ್ಟ ಇಳಿಯುವ ಹತ್ತಿ ಗಾಡಿಗಳ ಗಾಲಿಗೆ ಕಬ್ಬಿಣದ ಹಳಿ ಕಟ್ಟುತ್ತಿದ್ದರಂತೆ. "ಎತ್ತು ಹೋಯ್ತು, ಇಂಜಿನ್ ಬಂತು. ರಸ್ತೆ ಅದೇ, ಕೆಲಸಾನೂ ಅದೇ" ಅನ್ನುತ್ತಿದ್ದರು.

ಅವರ ಹತ್ತಿರ ಒಂದು ಸಣ್ಣ ಸುತ್ತಿಗೆ ಇತ್ತು. ಅದರಿಂದ ಪಾಟಾಗೆ ಮೆಲ್ಲಗೆ ತಟ್ಟಿ ಕಿವಿ ಕೊಡುತ್ತಿದ್ದರು. ಸರಿ ಇದ್ದರೆ ಟಣ್ ಅನ್ನುತ್ತದೆ. ಒಳಗೆ ಸೀಳಿದ್ದರೆ ಸೊಲ್ಲೇ ಇಲ್ಲ. ಒಂದು ದಿನ ಮಂಗಳೂರು ಕಡೆಯ ಲಾರಿಯವನು ಚಹಾಕ್ಕೆ ನಿಲ್ಲಿಸಿದ್ದ. ಯಾರೂ ಕರೆಯದೆ ಮೇಸ್ತ್ರಿ ಹೋಗಿ ತಟ್ಟಿ ನೋಡಿದರು.

"ಸೀಳಿದೆ. ಬಿಚ್ಚಬೇಕು."

"ಅರ್ಜೆಂಟ್ ಉಂಟು ಮೇಸ್ತ್ರಿ. ಬರುವಾಗ ಮಾಡಿಸ್ತೇನೆ."

ಮೇಸ್ತ್ರಿ ಹೋಗಿ ಮುಂದಿನ ಗಾಲಿ ಎದುರು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ಹಂಗಾರೆ ನನ್ನ ಮೇಲೆ ಹತ್ತಿಸ್ಕಂಡು ಹೋಗು. ಘಟ್ಟದಲ್ಲಿ ನೀ ಸಾಯೋದಕ್ಕಿಂತ ಇಲ್ಲೇ ಒಂದು ಕೇಸಾಗ್ಲಿ."

ಡ್ರೈವರು ಬೈದುಕೊಂಡೇ ಬಿಚ್ಚಿಸಿದ. ಬಿಚ್ಚಿದ ಪಾಟಾವನ್ನು ಮೇಸ್ತ್ರಿ ಕಲ್ಲಿನ ಮೇಲೆ ಒಂದು ಸಲ ಎತ್ತಿ ಹಾಕಿದರು. ಎರಡು ತುಂಡು. ಆ ಡ್ರೈವರು ಆಮೇಲೆ ಈ ಕಡೆ ಬಂದಾಗೆಲ್ಲ ಒಣ ಬಂಗಡೆ ಮೀನು ಕೊಟ್ಟು ಹೋಗುತ್ತಿದ್ದ.

ಆಮೇಲೆ ಅದಿರು ಲಾರಿಗಳು ಬಂದವು. ಗಣಿಯಿಂದ ಬಂದರಿಗೆ ನಮ್ಮ ರಸ್ತೆಯೇ ಹತ್ತಿರ. ಒಂದರ ಬಾಲಕ್ಕೆ ಒಂದು, ಇರುವೆ ಸಾಲಿನ ಹಾಗೆ. ಊರೆಲ್ಲ ಕೆಂಪು ಧೂಳು. ಮೊದಲು ಎಲ್ಲರಿಗೂ ಖುಷಿ. ಧಾಬಾದವರಿಗೆ ಖುಷಿ, ಪಂಕ್ಚರ್‌ನವರಿಗೆ ಖುಷಿ. ನನಗಂತೂ ಭಾರೀ ಖುಷಿ.

ಒಬ್ಬ ಲಾರಿ ಮಾಲೀಕ ಬಂದ. ಆರು ಗಾಡಿ ಸಾಲಾಗಿ ನಿಲ್ಲಿಸಿದ. "ಮೇಸ್ತ್ರಿ, ಒಂದೊಂದು ಬದೀಗೆ ಎರಡೆರಡು ಪಾಟಾ ಜಾಸ್ತಿ ಹಾಕ್ರಿ. ಲೋಡು ಡಬಲ್ ಹೊರಬೇಕು."

"ಕಂಪನಿಯವ ಎಷ್ಟು ಕೊಟ್ಟಿದ್ದಾನೋ ಅಷ್ಟೇ ಹಾಕೋದು."

"ಅಷ್ಟಾದ್ರ ಮುರೀತಾವ್ರಿ."

"ಮುರೀಲಿ. ಭಾರ ಜಾಸ್ತಿ ಆದ್ರೆ ಎಂತಾದ್ರೂ ಒಂದು ಮುರೀಲೇಬೇಕು. ಪಾಟಾ ಮುರೀದಿದ್ರೆ ರಸ್ತೆ ಮುರೀತದೆ. ಪಾಟಾ ಆದ್ರೆ ನಾನು ಮಾಡಿ ಕೊಡ್ತೆ. ರಸ್ತೆ ಯಾರು ಮಾಡಿ ಕೊಡ್ತಾರೆ?"

ಮಾಲೀಕನಿಗೆ ಸಿಟ್ಟು ಬಂತು. "ರಸ್ತೆ ಏನ್ ನಿಮ್ಮಪ್ಪಂದಾ?"

"ನಮ್ಮಜ್ಜಂದು" ಅಂದರು ಮೇಸ್ತ್ರಿ.

ಆರೂ ಗಾಡಿ ಹೋದವು. ನನಗೆ ಹೊಟ್ಟೆ ಉರಿಯಿತು. "ನಾವು ಬಿಟ್ರ ಮುಂದಿನ ಊರಾಗ ಹಾಕಿಸ್ಕೋತಾರ್ರಿ. ನಾವ್ಯಾಕ ಬಿಡೋದು?" ಅಂದೆ. ದಿನಾ ಅದೇ ಜಗಳ. ಒಂದು ದಿನ ಅವರಿಗೂ ಸಾಕಾಯಿತು.

"ನೀ ಬಿಡಬೇಡ ಮಾರಾಯ. ಹೋಗು. ಮಾಡು."

"ಹೋಗ್ತೀನ್ರಿ."

"ಹೋಗು. ಆದ್ರೆ ಕೆಲಸ ಗಟ್ಟಿ ಮಾಡು. ನನ್ನತ್ರ ಕಲಿತವ ಅಂತ ಹೆಸರು ಅದೆ."

ಬೈದಿದ್ದರೆ ಚೆನ್ನಾಗಿತ್ತು.

ರಸ್ತೆಯ ಆಚೆ ಬದಿ, ಅವರ ಶೆಡ್ಡಿಗೆ ಸರಿ ಎದುರು, ನಾನು ಶೆಡ್ಡು ಹಾಕಿದೆ. ಬೇರೆ ಜಾಗ ಸಿಗುತ್ತಿರಲಿಲ್ಲ ಅಂತೇನಿಲ್ಲ. ಸೊಕ್ಕು. ಪಾಟಾ ಜಾಸ್ತಿ ಹಾಕಿದೆ, ಗಟ್ಟಿಯಾಗಿ ಹಾಕಿದೆ. ನನ್ನ ಕೆಲಸ ಅಂತ ಗೊತ್ತಾಗಲಿ ಎಂದು ಮೇಲಿನ ಪಾಟಾಗೆ ಬಿಳಿ ಬಣ್ಣದಲ್ಲಿ ಎರಡು ಗೆರೆ ಎಳೆಯುತ್ತಿದ್ದೆ. ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆಚೆ ಮೇಸ್ತ್ರಿ ಕೂತು ರಸ್ತೆ ನೋಡುತ್ತಿದ್ದರು. ನಡುವೆ ಲಾರಿಗಳು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

ಎರಡು ಮಳೆಗಾಲದಲ್ಲಿ ಡಾಂಬರು ಕಿತ್ತುಹೋಯಿತು. ಗುಂಡಿಯೊಳಗೆ ಗುಂಡಿ. ಘಟ್ಟದಲ್ಲಿ ದಿನಗಟ್ಟಲೆ ಜಾಮ್. ಉಪ್ಪಿನ ಲಾರಿ, ಹಂಚಿನ ಲಾರಿಯವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಬಂಗಡೆ ಕೊಡುತ್ತಿದ್ದ ಡ್ರೈವರು ಕಡೆಯ ಸಲ ಬಂದು, "ಇನ್ನು ಶಿರಸಿ ಮೇಲೆ ಹೋಗ್ತೇವೆ ಮೇಸ್ತ್ರಿ. ಈ ರಸ್ತೆ ಸಾಕು" ಅಂದನಂತೆ. ಮೇಸ್ತ್ರಿಯ ಬೇಲಿ ಅಲ್ಲಿಗೇ ನಿಂತಿತು. ಹೊಸ ತುಂಡು ಸೇರಲಿಲ್ಲ.

ಒಂದು ದಿನ ಬೆಳಿಗ್ಗೆ ಅವರ ಹೆಂಡತಿ ಲಾರಿಗಳ ನಡುವೆ ನುಗ್ಗಿ ರಸ್ತೆ ದಾಟಿ ನನ್ನ ಶೆಡ್ಡಿಗೆ ಬಂದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಬಿಟ್ಟು ಬಂದ ಮೇಲೆ ಮಾತು ಇರಲಿಲ್ಲ.

"ನಿನ್ನ ಮೇಸ್ತ್ರಿ ಬಿದ್ದಿದ್ದಾರೋ. ಬಾರೋ."

ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು. ಬಲಗೈ ಎತ್ತಿದರೆ ಕೆಳಗೆ ಬೀಳುತ್ತಿತ್ತು. ಲಕ್ವ ಅಂತ ನನ್ನಂಥವನಿಗೂ ಗೊತ್ತಾಯಿತು. ವ್ಯಾನು ಮಾಡಿ, ಹಿಂದೆ ಮಲಗಿಸಿ, ಹುಬ್ಬಳ್ಳಿಗೆ ಹೊರಟೆವು. ಅಕ್ಕ ಅವರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದರು. ಸ್ವಲ್ಪ ದೂರ ಹೋಗುವುದರೊಳಗೆ ಎಲ್ಲ ನಿಂತುಬಿಟ್ಟಿತು. ಮುಂದೆ ಕಾಣುವಷ್ಟು ದೂರ ಲಾರಿಗಳು. ನಾನು ಇಳಿದು ಓಡಿದೆ, ಏನಾಗಿದೆ ನೋಡಿ ಬರೋಣ ಅಂತ.

ಹಳ್ಳದ ಮೋರಿ ಕುಸಿದಿತ್ತು. ಕಲ್ಲಿನಲ್ಲಿ ಕಟ್ಟಿದ ಹಳೇ ಮೋರಿ. ಅದರೊಳಗೆ ಒಂದು ಅದಿರು ಲಾರಿ ಹಿಂಬದಿ ಇಳಿಸಿಕೊಂಡು ಕೂತಿತ್ತು. ಬಗ್ಗಿ ನೋಡಿದೆ. ಅಭ್ಯಾಸ. ಪಾಟಾ ಒಂದೂ ಮುರಿದಿರಲಿಲ್ಲ. ಮೇಲಿನದರ ಮೇಲೆ ಎರಡು ಬಿಳಿ ಗೆರೆ.

ವಾಪಸ್ ಬಂದೆ. ಮೇಸ್ತ್ರಿಗೆ ಎಚ್ಚರ ಇತ್ತು. ಮಾತು ತೊದಲುತ್ತಿತ್ತು. "ಎಂತ... ಮುರೀತು?" ಅಂದರು.

"ಪಾಟಾ ಕಟ್ಟಾಗೈತ್ರಿ" ಅಂದೆ.

ಸೊಟ್ಟ ಬಾಯಲ್ಲೇ ಅವರು ನಕ್ಕ ಹಾಗೆ ಮಾಡಿದರು. "ಒಳ್ಳೇದಾಯ್ತು" ಅಂದರು.

ವ್ಯಾನನ್ನು ಗದ್ದೆಗೆ ಇಳಿಸಿ, ಮೋರಿಗೆ ಸುತ್ತು ಹೊಡೆದು, ಹುಬ್ಬಳ್ಳಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಡಾಕ್ಟರು ನನ್ನನ್ನೇ ಬೈದರು. "ಮೂರು ತಾಸು ಮೊದಲ ತಂದಿದ್ರ ಕೈ ಉಳೀತಿತ್ತು. ಎಲ್ಲಿ ಕೂತಿದ್ರಿ?"

ಮನೆಗೆ ಕರೆತರುವಾಗ ಮೋರಿ ಜಾಗದಲ್ಲಿ ಸಿಮೆಂಟ್ ಪೈಪು ಹಾಕಿ ಮಣ್ಣು ಮುಚ್ಚಿದ್ದರು. ವ್ಯಾನು ಅಲ್ಲಿ ಮೆಲ್ಲಗಾಯಿತು. ಮೇಸ್ತ್ರಿ ಕಿಟಕಿಯಿಂದ ನೋಡಿದರು. ಅವತ್ತು ಗದ್ದೆಯಲ್ಲಿ ಸುತ್ತಿ ಹೋಗುವಾಗ ಅಕ್ಕನಿಗೆ ಬಿಳಿ ಗೆರೆಯ ಲಾರಿ ಕಂಡಿತ್ತು, ಆಸ್ಪತ್ರೆಯಲ್ಲಿ ಅವರಿಗೆ ಹೇಳಿರಬೇಕು. ತಿರುಗಿ ನನ್ನ ಮುಖ ನೋಡಿ, ಒಂದೊಂದೇ ಮಾತು ಕೂಡಿಸಿ ಅಂದರು: "ಕೆಲಸ... ಗಟ್ಟಿ... ಮಾಡಿದ್ಯ."

ಹೊಗಳಿದರೋ ಬೈದರೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಗಣಿ ಮುಚ್ಚಿ ಅದಿರು ಲಾರಿ ನಿಂತವು. ಬಂದ ಹಾಗೇ ಹೋದವು. ಹಳೇ ಲಾರಿಗಳು ವಾಪಸ್ ಬರಲಿಲ್ಲ. ಅವರಿಗೆ ಬೇರೆ ದಾರಿ ರೂಢಿಯಾಗಿತ್ತು. ಧಾಬಾಗಳು ಬಾಗಿಲು ಹಾಕಿದವು. ನಡು ರಸ್ತೆಯಲ್ಲಿ ದನ ಮಲಗತೊಡಗಿದವು. ನನ್ನ ಶೆಡ್ಡೂ ಮುಚ್ಚಿತು. ನಾನು ರಸ್ತೆ ದಾಟಿ ಮೇಸ್ತ್ರಿ ಹತ್ತಿರ ಹೋಗಿ ಕೂರುತ್ತಿದ್ದೆ. ಕುಲುಮೆಯಲ್ಲಿ ಬೂದಿ ಮಾತ್ರ. ಯಾವಾಗಲಾದರೂ ಒಂದು ಲಾರಿ ಬಂದರೆ ಅವರು ಎಡಗೈಯಿಂದ ನನ್ನ ತೊಡೆ ತಟ್ಟುತ್ತಿದ್ದರು. ನಾನು "ಬಲ" ಅನ್ನುತ್ತಿದ್ದೆ. ಅವರು ತಲೆ ಆಡಿಸಿ ಎಡಕ್ಕೆ ಬೆರಳು ತೋರಿಸುತ್ತಿದ್ದರು.

ಎರಡು ವರ್ಷ ಹಾಗೆ ಕೂತರು. ಮಳೆ ಬಿಟ್ಟ ಒಂದು ದಿನ ಬೆಳಿಗ್ಗೆ ಏಳಲಿಲ್ಲ.

ಮೈ ತೊಳೆಯಲು ನಾಲ್ಕು ಜನ ಇದ್ದೆವು. ನಾನು ನೀರು ಹಾಕುತ್ತಿದ್ದೆ. ಬಲಗೈ ಎತ್ತಿ ಹಿಡಿದವನು, "ಈ ಎಡಗೈ ಆತಲ್ಲ, ಇನ್ನ ಆ ಬೋಳು ಕೈಗೆ ಹಾಕು" ಅಂದ. ತಾನು ಹಿಡಿದಿದ್ದೇ ಆ ಬಲಗೈ ಅಂತ ಅವನಿಗೆ ಗೊತ್ತಾಗಲಿಲ್ಲ. ಆ ಕೈ ಮೇಲೆ, ಮೊಣಕೈಯಿಂದ ಬೆರಳಿನವರೆಗೆ, ದಟ್ಟವಾಗಿ ಕೂದಲು ಬೆಳೆದಿತ್ತು.